ಮರಿಗಾಗಿ ಕೇಳಿದ ಎರಡು ಕೋಣೆ

ಟೈಲರಕ್ಕನಿಗೆ ಐವತ್ತು ದಾಟಿತ್ತು, ಅವಳ ತಮ್ಮ ಮರಿಗೆ ನಲವತ್ತು. ಮರಿ ಎಂದು ಕರೆದು ರೂಢಿ ಮಾಡಿದ್ದು ಅವರ ತಾಯಿ. ಗಡ್ಡ ನರೆಯತೊಡಗಿದ ಮೇಲೂ ಆ ಹೆಸರು ಅವನಿಗೆ ಒಪ್ಪುತ್ತಿತ್ತು. ಮೈ ಬೆಳೆದಿತ್ತೇ ಹೊರತು ಒಳಗಿನ ಮನುಷ್ಯ ಮೂರ್ನಾಲ್ಕು ವರ್ಷದ ಕೂಸಾಗಿಯೇ ಉಳಿದಿದ್ದ. ತಾಯಿ ಸಾಯುವಾಗ ಮಗಳ ಕೈ ಹಿಡಿದುಕೊಂಡಳಂತೆ, ಏನೂ ಹೇಳಲಿಲ್ಲವಂತೆ. ಹೇಳುವುದೇನಿತ್ತು? ಮಗಳಿಗೆ ಬಂದ ಒಂದೆರಡು ಸಂಬಂಧಗಳು ಮರಿಯನ್ನು ನೋಡಿದ ಮೇಲೆ ಹೊಸ್ತಿಲಿನಿಂದಲೇ ತಿರುಗಿ ಹೋಗಿದ್ದವು. ಆಮೇಲೆ ಅವಳೇ ಆ ಮಾತು ಬಿಟ್ಟಳು.

ಮನೆಯಲ್ಲಿ ಹೊಲಿಯುತ್ತಿದ್ದಷ್ಟು ಕಾಲ ಎಲ್ಲ ಹೇಗೋ ನಡೆದಿತ್ತು. ಅವಳು ಮಿಷಿನ್ ತುಳಿಯುವಳು, ಅವನು ಪಕ್ಕದಲ್ಲಿ ಕೂತು ಕತ್ತರಿಸಿ ಉಳಿದ ತುಂಡುಬಟ್ಟೆಗಳನ್ನು ಅಂಗೈಯಿಂದ ಸವರಿ ಸವರಿ ಒಂದರ ಮೇಲೊಂದು ಇಡುವನು. ಮಿಷಿನ್ನಿನ ಸದ್ದೆಂದರೆ ಅವನಿಗೆ ಪ್ರಾಣ. ಸದ್ದು ನಿಂತರೆ ಅಕ್ಕನ ಮೊಣಕಾಲನ್ನು ಬೆರಳಿನಿಂದ ತಟ್ಟುವನು, ಮತ್ತೆ ಶುರುಮಾಡು ಎಂದು. ಬಟ್ಟೆ ಕೊಡಲು ಬಂದ ಹೆಂಗಸರು, “ನಿಮ್ಮ ಮೇಸ್ತ್ರಿ ಬಲು ಜೋರು, ನಿಮಗೆ ಉಸಿರಾಡೋಕೂ ಬಿಡಲ್ಲ” ಎಂದು ನಗುತ್ತಿದ್ದರು.

ಬರಬರುತ್ತ ಎಲ್ಲರೂ ಹೊಲಿದಿಟ್ಟ ಬಟ್ಟೆಯನ್ನೇ ಅಂಗಡಿಯಿಂದ ತರತೊಡಗಿದರು. ಹೊಟ್ಟೆಪಾಡು ಕೇಳಬೇಕಲ್ಲ, ಅವಳು ರೈಲ್ವೆ ಗೇಟಿನ ಆಚೆಗಿದ್ದ ಸಮವಸ್ತ್ರ ಹೊಲಿಯುವ ಶೆಡ್ಡಿಗೆ ಸೇರಿಕೊಂಡಳು. ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಹೆಂಡತಿ ಆಗಾಗ ಬಂದು ಮರಿಯನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದಳು. ಆದರೆ ಆಕೆಗೂ ವಯಸ್ಸಾಗಿತ್ತು. ಒಂದು ಮಧ್ಯಾಹ್ನ ಆಕೆಗೆ ಜೊಂಪು ಹತ್ತಿದ್ದೇ ತಡ, ಮರಿ ಅಕ್ಕನನ್ನು ಹುಡುಕಿಕೊಂಡು ಹೊರಟ. ಬಸ್ ನಿಲ್ದಾಣದಲ್ಲಿ ಅಳುತ್ತಿದ್ದ ಯಾವುದೋ ಮಗುವನ್ನು ಸಮಾಧಾನ ಮಾಡಲು ಎತ್ತಿಕೊಂಡ. ಮಕ್ಕಳ ಕಳ್ಳ ಎಂದು ಯಾರೋ ಕೂಗಿದರು. ಆಮೇಲೆ ನಡೆದದ್ದನ್ನು ಹೇಳುವುದು ಬೇಡ. ಮುರಿದ ಅವನ ಬಲಗೈ ಸೊಟ್ಟಗೇ ಕೂಡಿಕೊಂಡಿತು.

ಆಸ್ಪತ್ರೆಯಿಂದ ಬರುವ ದಾರಿಯಲ್ಲಿಯೇ ಟೈಲರಕ್ಕ ಬೀಗ ಕೊಂಡಳು.

ಅಂದಿನಿಂದ ಬೆಳಿಗ್ಗೆ ಅವನಿಗೆ ಉಣಿಸಿ, ನೀರು, ಬಿಸ್ಕತ್ತು, ತುಂಡುಬಟ್ಟೆ ಎಲ್ಲ ಹತ್ತಿರವಿಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು. ಇನ್ನೊಂದು ಕೀಲಿ ಪಕ್ಕದ ಮನೆಯಲ್ಲಿರುತ್ತಿತ್ತು. ಅವನು ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದ. ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಆ ಬಗ್ಗೆ ಒಂದು ಮಾತೆತ್ತುತ್ತಿರಲಿಲ್ಲ. ಪಾಪ, ಇನ್ನೇನು ಮಾಡಿಯಾಳು ಎನ್ನುವವರೂ ಕಿಟಕಿಯ ಹತ್ತಿರ ಬಂದಾಗ ನಡಿಗೆ ಚುರುಕು ಮಾಡುತ್ತಿದ್ದರು.

ಹೀಗಿರುವಾಗ ನಗರಸಭೆಯ ಗಾಡಿ ಮೈಕಿನಲ್ಲಿ ಕೂಗುತ್ತ ಬಂತು. ಈ ವರ್ಷದಿಂದ ವಾರ್ಡಿಗೆ ಬರುವ ಹಣದಲ್ಲಿ ಒಂದು ಪಾಲನ್ನು ಯಾವುದಕ್ಕೆ ಬಳಸಬೇಕೆಂದು ಜನರೇ ಸಭೆ ಸೇರಿ ತೀರ್ಮಾನಿಸಬಹುದಂತೆ. ಗಡಿಯಾರದವನ ಹೆಂಡತಿ ಟೈಲರಕ್ಕನನ್ನು ಬಿಡಲಿಲ್ಲ. ಮರಿಯನ್ನು ತನ್ನ ಗಂಡನ ಬಳಿ ಕೂರಿಸಿ, ಅವಳನ್ನು ಕೈಹಿಡಿದು ಎಳೆದುಕೊಂಡೇ ಹೋದಳು.

ಸಭೆ ಶಾಲೆಯ ಕೋಣೆಯಲ್ಲಿತ್ತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಿಸಿಕೊಂಡು ಕಷ್ಟದಲ್ಲಿ ಕೂತಿದ್ದರು. ಚರಂಡಿ, ಬೀದಿದೀಪ, ವಾರ್ಡಿನ ಬಾಯಿಗೊಂದು ಕಮಾನು ಎಂದು ಒಬ್ಬೊಬ್ಬರು ಹೇಳಿದ್ದನ್ನು ಗುಮಾಸ್ತ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ. ಕಮಾನು ಕಟ್ಟಿದರೆ ಅದರ ಕೆಳಗೆ ನೀರು ನಿಲ್ಲುತ್ತದೆ, ದೋಣಿಯನ್ನೂ ಕೊಡಿಸಿ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಟೈಲರಕ್ಕ ಎದ್ದು ನಿಂತಳು.

“ನನಗೊಬ್ಬ ತಮ್ಮ ಇದ್ದಾನೆ. ಬುದ್ಧಿ ಬೆಳೆದಿಲ್ಲ. ಕೆಲಸಕ್ಕೆ ಹೋಗೋವಾಗ ಅವನನ್ನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗ್ತೀನಿ. ನನಗೆ ಬೇರೆ ದಾರಿ ಇಲ್ಲ. ಹಗಲು ಹೊತ್ತು ಇಂಥವರನ್ನ ನೋಡ್ಕೊಳ್ಳೋಕೆ ಎರಡು ಕೋಣೆ, ಆಯಾ ಯಾರಾದ್ರೂ, ಇಷ್ಟು ಮಾಡಿಕೊಡಿ.”

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. “ಬೀಗ ಹಾಕ್ತೀರಾ? ಅವನೇನು ದನವಾ?”

ಬಹಳ ಜನ ತಲೆಯಾಡಿಸಿದರು. ವಾರ್ಡ್ ಸದಸ್ಯ ಕೆಟ್ಟವನಲ್ಲ. ಎಲ್ಲರನ್ನೂ ಸುಮ್ಮನಿರಿಸಿ, “ನಿಮ್ಮ ಕಷ್ಟ ಗೊತ್ತಾಗುತ್ತೆ ಅಕ್ಕಾ. ಆದ್ರೆ ಒಬ್ಬನಿಗೋಸ್ಕರ ಹೇಗೆ?” ಎಂದ. ಆಮೇಲೆ ಕೈ ಎತ್ತಿಸಿದರು. ಎರಡು ಕೋಣೆಗೆ ಕೈ ಎತ್ತಿದವರು ಟೈಲರಕ್ಕ ಮತ್ತು ಗಡಿಯಾರದವನ ಹೆಂಡತಿ ಮಾತ್ರ. ಚರಂಡಿ ಗೆದ್ದಿತು, ಕಮಾನೂ ಗೆದ್ದಿತು.

ಹೊರಗೆ ನಲ್ಲಿಯ ಹತ್ತಿರ ಕೆಳಗಿನ ಬೀದಿಯ ಬಸ್ ಡ್ರೈವರ್ ಅವಳನ್ನು ತಡೆದು ನಿಲ್ಲಿಸಿದ. ಅತ್ತಿತ್ತ ನೋಡಿ ದನಿ ತಗ್ಗಿಸಿ, “ನಮ್ಮನೇಲೂ ಒಬ್ಬಳಿದ್ದಾಳೆ ಅಕ್ಕಾ. ಚಿಕ್ಕ ಮಗಳು” ಎಂದ.

“ಮತ್ತೆ ಕೈ ಯಾಕಪ್ಪಾ ಎತ್ತಲಿಲ್ಲ?”

“ದೊಡ್ಡವಳಿಗೆ ಗಂಡು ನೋಡ್ತಿದ್ದೀವಿ.”

ಆ ಮಾತಿನ ಅರ್ಥ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಮನೆಗೆ ನಡೆದಳು.

ಕೆಲವೇ ವಾರಗಳಲ್ಲಿ ಒಂದು ಜೀಪು ಅವಳ ಮನೆಯ ಮುಂದೆ ನಿಂತಿತು. ಸಭೆಯಲ್ಲಿದ್ದ ಯಾರೋ ದೂರು ಕೊಟ್ಟಿದ್ದರು. ಜೀಪಿನಿಂದ ಇಳಿದದ್ದು ಕಲ್ಯಾಣ ಇಲಾಖೆಯ ಅಧಿಕಾರಿ, ಎಳೆಯ ಹೆಂಗಸು, ಜೊತೆಗೊಬ್ಬ ಪೊಲೀಸ್. ಆಕೆ ಗದರಿಸಲಿಲ್ಲ. ಮನುಷ್ಯನನ್ನು ಕೂಡಿಹಾಕುವುದು ಅಪರಾಧ, ಅವನಿಗೂ ಎಲ್ಲರಂತೆ ಹಕ್ಕುಗಳಿವೆ ಎಂದು ತಾಳ್ಮೆಯಿಂದ ತಿಳಿಸಿ ಹೇಳಿದಳು. ಟೈಲರಕ್ಕ ಪೂರ್ತಿ ಕೇಳಿಸಿಕೊಂಡಳು.

“ನೀವು ಹೇಳೋದು ನಿಜ ಮೇಡಂ. ಈಗಲೇ ಬೀಗ ಎಸೀತೀನಿ. ನಾಳೆ ನಾನು ಕೆಲಸಕ್ಕೆ ಹೋದಾಗ ಅವನನ್ನ ಯಾರು ನೋಡ್ಕೋತಾರೆ?”

ಅಧಿಕಾರಿ ಮರಿಯನ್ನು ನೋಡಿದಳು, ಅವನ ಸೊಟ್ಟ ಕೈಯನ್ನು ನೋಡಿದಳು. ಈ ಊರಿನಲ್ಲಿ ಅಂಥ ವ್ಯವಸ್ಥೆ ಇಲ್ಲ, ಸರ್ಕಾರದ ಆಶ್ರಮ ಇರುವುದು ದೊಡ್ಡ ಊರಿನಲ್ಲಿ, ಅಲ್ಲಿಗೆ ಸೇರಿಸಲೇಬೇಕು ಎಂದಳು. ಹೇಳುವಾಗ ಆಕೆಯ ಮುಖವೂ ಬಾಡಿತ್ತು. ಆಕೆ ತೋರಿಸಿದ ಕಡೆ ಟೈಲರಕ್ಕ ಸಹಿ ಹಾಕಿದಳು. ಮರಿಗೆ ಗಾಡಿ ಎಂದರೆ ಆಸೆ. ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದಾಗ ಅವನು ಕೇಕೆ ಹಾಕಿ ನಕ್ಕ. ಅಕ್ಕ ಹತ್ತಲಿಲ್ಲ ಎಂದು ಅವನಿಗೆ ಹೊಳೆದದ್ದು ಗಾಡಿ ತಿರುವು ತಲುಪಿದ ಮೇಲೆ. ಆಗ ಅವನು ಇಟ್ಟ ಕೂಗು ಬೀದಿಗೆಲ್ಲ ಕೇಳಿಸಿತು.

ಭಾನುವಾರಗಳಲ್ಲಿ ಅವಳು ಬಸ್ಸು ಹಿಡಿದು ಹೋಗುತ್ತಿದ್ದಳು. ಅರ್ಧ ದಿನದ ದಾರಿ. ಆಶ್ರಮದಲ್ಲಿ ಹೊಡೆಯುವವರು, ಬೈಯುವವರು ಇರಲಿಲ್ಲ. ಉದ್ದನೆಯ ಹಜಾರ, ಅದರ ತುಂಬ ಜನ, ನೋಡಿಕೊಳ್ಳಲು ಒಬ್ಬನೇ ಆಳು. ಅವನು ಒಬ್ಬರನ್ನು ಬಚ್ಚಲಿಗೆ ಕರೆದೊಯ್ದರೆ ಉಳಿದವರು ಇದ್ದಲ್ಲೇ ಒದ್ದೆಯಾಗುತ್ತಿದ್ದರು. ಮರಿಯ ತಲೆ ಬೋಳಿಸಿದ್ದರು. ಅವಳು ಒಯ್ದ ತುಂಡುಬಟ್ಟೆಗಳನ್ನು ಅವನು ಮುಟ್ಟಲಿಲ್ಲ. ಒಂದು ಭಾನುವಾರ ಅವಳು ಏನೂ ತೋಚದೆ ಪಕ್ಕದಲ್ಲಿ ಕೂತಿದ್ದಾಗ, ಅವನು ಬೆರಳಿನಿಂದ ಅವಳ ಮೊಣಕಾಲು ತಟ್ಟಿದ. ಅಲ್ಲಿ ಮಿಷಿನ್ ಎಲ್ಲಿಂದ ತರುವುದು? ಅವಳು ಹಲ್ಲು ಕಚ್ಚಿಕೊಂಡು ಬಾಯಲ್ಲೇ ಟರ್‍ರ್ ಎಂದು ಮಿಷಿನ್ನಿನ ಸದ್ದು ಮಾಡಿದಳು. ಅವನ ಮುಖದಲ್ಲಿ ನಗು ಸ್ವಲ್ಪ ಮೂಡಿತು. ಕೊನೆಯ ಬಸ್ಸಿನ ಹೊತ್ತಿನವರೆಗೂ, ಗಂಟಲು ಒಣಗುವವರೆಗೂ, ಹಜಾರದ ಅಷ್ಟೂ ಜನರ ನಡುವೆ ಅವಳು ಆ ಸದ್ದು ಮಾಡುತ್ತಲೇ ಇದ್ದಳು.

ಚಳಿ ಶುರುವಾದಾಗ ಅವನಿಗೆ ಜ್ವರ ಬಂತು, ಎದೆಗಿಳಿಯಿತು. ಶೆಡ್ಡಿನ ಯಜಮಾನನ ಫೋನಿಗೆ ಸುದ್ದಿ ಬಂದು ಅವಳು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲೇ ಮಣ್ಣು ಮಾಡಿ ಬಂದಳು. ಬೀದಿಯವರು ಬಂದು ಮಾತಾಡಿಸಿದರು. ಅವಳು ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟು ಕಳಿಸಿದಳು. ಅವಳು ಅತ್ತದ್ದನ್ನು ಕೇಳಿದವಳು ಗಡಿಯಾರದವನ ಹೆಂಡತಿ ಒಬ್ಬಳೇ, ಅದೂ ಗೋಡೆಯ ಆಚೆಯಿಂದ.

ಮರುವರ್ಷ ಸಭೆ ಮತ್ತೆ ಬಂತು. ಹಿಂದಿನ ಸಂಜೆ ಬಸ್ ಡ್ರೈವರ್ ಹೆಂಡತಿಯ ಜೊತೆ ಅವಳ ಮನೆಗೆ ಬಂದ. ದೊಡ್ಡ ಮಗಳ ಮದುವೆ ಆಗಿತ್ತು. ಈ ಸಲ ತಾನೂ ಕೈ ಎತ್ತುವೆನೆಂದೂ, ಇಂಥ ಮಕ್ಕಳಿರುವ ಇನ್ನೂ ಮೂರ್ನಾಲ್ಕು ಮನೆಯವರು ಒಪ್ಪಿದ್ದಾರೆಂದೂ ಹೇಳಿದ. ಆದರೆ ಮೊದಲು ಎದ್ದು ನಿಂತು ಮಾತಾಡಲು ಯಾರಿಗೂ ಧೈರ್ಯ ಸಾಲದು, ಅವಳೇ ಬರಬೇಕು.

“ಹೋದ ವರ್ಷ ಎತ್ತಿದ್ದಿದ್ರೆ...” ಎಂದು ಶುರುಮಾಡಿದ ಟೈಲರಕ್ಕ ಅಲ್ಲಿಗೇ ನಿಲ್ಲಿಸಿದಳು. ಡ್ರೈವರ್ ತಲೆ ತಗ್ಗಿಸಿದ. ಅವನ ಹೆಂಡತಿ ಅಳತೊಡಗಿದಳು. ಬರುತ್ತೇನೆಂದು ಟೈಲರಕ್ಕ ಹೇಳಲಿಲ್ಲ, ಆದರೆ ಸಭೆಗೆ ಹೋದಳು.

ಶಾಲೆಯ ಕೋಣೆಯಲ್ಲಿ ಅವಳೇ ಮೊದಲು ಎದ್ದಳು. “ಹೋದ ಸಲ ಒಬ್ಬನಿಗೋಸ್ಕರ ಹೇಗೆ ಅಂದ್ರಿ. ಆ ಒಬ್ಬ ಈಗಿಲ್ಲ. ಇವತ್ತು ನನಗೋಸ್ಕರ ಕೇಳ್ತಿಲ್ಲ. ಯಾರ ಮನೇಲಿ ಇದ್ದಾರೋ ಅವರು ಮಾತಾಡ್ತಾರೆ” ಎಂದಷ್ಟೇ ಹೇಳಿ ಕೂತಳು. ಡ್ರೈವರ್ ಎದ್ದ. ಮಗಳ ವಯಸ್ಸು ಹೇಳಿದವನೇ ಹೆಂಡತಿಯ ಕಡೆ ನೋಡಿದ. ಮುಂದಿನದನ್ನು ಹೆಂಡತಿ ಹೇಳಿದಳು. ಕೈಗಳು ಎದ್ದವು. ವಾರ್ಡ್ ಸದಸ್ಯನೂ ಟೈಲರಕ್ಕನ ಕಡೆ ನೋಡದೆ ಕೈ ಎತ್ತಿದ.

ಆರೋಗ್ಯ ಕೇಂದ್ರದ ಹಿಂದಿನ ಹಳೆಯ ಗೋದಾಮನ್ನು ಎರಡು ಕೋಣೆ ಮಾಡಿದರು. ಸೋರುವ ಸೂರು ಸರಿಪಡಿಸಿ, ಇಬ್ಬರು ಆಯಾಗಳನ್ನು ನೇಮಿಸಿ, ಬಾಗಿಲು ತೆರೆಯುವಷ್ಟರಲ್ಲಿ ಬಹಳ ತಡವೇ ಆಯಿತು. ಮರಿಯ ಹೆಸರಿನಲ್ಲಿ ಬೋರ್ಡು ಹಾಕಿಸೋಣ ಎಂದು ಸದಸ್ಯನೇ ಮನೆಗೆ ಬಂದು ಕೇಳಿದ. ಅವಳು ಒಪ್ಪಲಿಲ್ಲ.

“ಅವನು ಅಲ್ಲಿ ಒಂದು ದಿನವೂ ಕೂತವನಲ್ಲ. ಸುಳ್ಳು ಬೋರ್ಡ್ ಯಾಕಪ್ಪಾ?”

ಉದ್ಘಾಟನೆಯ ದಿನ ಜ್ವರವೆಂದು ಹೇಳಿ ಮನೆಯಲ್ಲೇ ಉಳಿದಳು. ಶೆಡ್ಡಿಗೆ ಹೋಗಲು ಆರೋಗ್ಯ ಕೇಂದ್ರದ ಮುಂದಿನ ರಸ್ತೆಯೇ ಹತ್ತಿರ. ಅವಳು ಸುತ್ತುಬಳಸಿ ಮಾರುಕಟ್ಟೆಯ ಕಡೆಯಿಂದ ಹೋಗತೊಡಗಿದಳು. ಗಡಿಯಾರದವನ ಹೆಂಡತಿ ಅದನ್ನು ಗಮನಿಸಿ ಒಮ್ಮೆ ಕೇಳಿಯೇಬಿಟ್ಟಳು.

“ಒಂದ್ಸಲ ಒಳಗೆ ಹೋಗಿ ನೋಡಬಾರದೇನೇ? ಎಲ್ಲ ಚೆನ್ನಾಗಿದ್ದಾರಂತೆ.”

“ಚೆನ್ನಾಗಿದ್ದಾರೆ ಅಂತಲೇ ಹೋಗಲ್ಲ, ಅಕ್ಕಾ.”



ಅದರ ಮುಂದಿನ ವರ್ಷ ಖರ್ಚು ಹೆಚ್ಚಾಯಿತೆಂದು ಇಬ್ಬರು ಆಯಾಗಳಲ್ಲಿ ಒಬ್ಬಳನ್ನು ತೆಗೆಯುವ ಮಾತು ಹುಟ್ಟಿತು. ಟೈಲರಕ್ಕ ಶೆಡ್ಡಿಗೆ ಅರ್ಧ ದಿನ ರಜೆ ಹಾಕಿ ಸಭೆಗೆ ಬಂದಳು. ಒಬ್ಬಳೇ ಆಯಾ ಒಬ್ಬರನ್ನು ಬಚ್ಚಲಿಗೆ ಕರೆದೊಯ್ದರೆ ಉಳಿದವರ ಗತಿ ಏನಾಗುತ್ತದೆ ಎಂದು ತಾನು ಆಶ್ರಮದಲ್ಲಿ ಕಂಡದ್ದನ್ನು ಮೆಲ್ಲಗೆ ಹೇಳಿದಳು. ಆಯಾಳ ಕೆಲಸ ಉಳಿಯಿತು. ಡ್ರೈವರ್ ಅವಳನ್ನು ರೈಲ್ವೆ ಗೇಟಿನವರೆಗೆ ಬಿಡುತ್ತೇನೆಂದು ಹಿಂದೆಯೇ ಬಂದ. ಬೇಡ, ನಡೆದೇ ಹೋಗುತ್ತೇನೆ ಎಂದು ಅವಳು ಮಾರುಕಟ್ಟೆಯ ದಾರಿ ಹಿಡಿದಳು.