ಮೆಲ್ಲಗಪ್ಪನ ಕೆಂಪು ಕಾರಿಗೆ ಹೊಸ ಕ್ಲಚ್

ನನ್ನ ಅಕ್ಕನ ಗಂಡ ಶವ ಸಾಗಿಸುವ ವ್ಯಾನಿನ ಚಾಲಕ. ಗುಂಡಿ ಕಂಡರೆ ಬಳಸಿ, ಉಬ್ಬು ಕಂಡರೆ ಸವರಿಕೊಂಡು, ಬ್ರೇಕ್ ಹಾಕಿದ್ದೇ ಗೊತ್ತಾಗದ ಹಾಗೆ ಓಡಿಸುವುದು ಅವರ ಹೆಚ್ಚುಗಾರಿಕೆ.

"ಹಿಂದೆ ಮಲಗಿರೋರಿಗೆ ಇನ್ನೇನು ಎಚ್ಚರ ಆಗುತ್ತೆ ಭಾವ?" ಎಂದು ನಾನು ಕೆಣಕುತ್ತಿದ್ದೆ.

"ಪಕ್ಕದಲ್ಲಿ ಅಳ್ತಾ ಕೂತಿರ್ತಾರಲ್ಲ, ಅವರಿಗೆ ಕುಲುಕಾಟ ಗೊತ್ತಾಗುತ್ತೆ," ಎನ್ನುತ್ತಿದ್ದರು. ಊರೆಲ್ಲ ಅವರನ್ನು ಮೆಲ್ಲಗಪ್ಪ ಅಂತಲೇ ಕರೆಯುತ್ತಿತ್ತು.

ಇಂಥವರಿಗೆ ವೇಗದ ಹುಚ್ಚಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಮನೆ ಪಕ್ಕದ ಶೆಡ್ಡಿನಲ್ಲಿ ಎರಡೇ ಬಾಗಿಲಿನ ಒಂದು ಕೆಂಪು ಕಾರಿತ್ತು. ಔಷಧಿ ಅಂಗಡಿಯವರೊಬ್ಬರು ತಮಗೆ ಅವಳಿ ಮಕ್ಕಳು ಹುಟ್ಟಿದ ಮೇಲೆ ಒಲ್ಲದ ಮನಸ್ಸಿನಿಂದ ಮಾರಿದ್ದು. ಮೊದಲೇ ಓಟಗಾರ ಕಾರು. ಸಾಲದ್ದಕ್ಕೆ ಭಾವ ಅದಕ್ಕೆ ಟರ್ಬೊ ಬೇರೆ ಕೂರಿಸಿದರು. ಅಲ್ಲಿಂದ ಇಂಜಿನ್ನು ಹಗ್ಗ ಬಿಚ್ಚಿದ ಹೋರಿಯಾಯಿತು. ಕ್ಲಚ್ ಮಾತ್ರ ಹಳೆಯದೇ ಉಳಿಯಿತು.

ಒಂದು ದಿನ ಮೇಲ್ಸೇತುವೆ ಹತ್ತುವಾಗ ಅದು ಕೈಕೊಟ್ಟಿತು. ಭಾವ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಕಾರು ಮಾತ್ರ ನೆಂಟರ ಮನೆಯಿಂದ ಹೊರಡಲು ಮನಸ್ಸಿಲ್ಲದವರ ಹಾಗೆ ಸಾಗಿತು. ಸೈಕಲ್ಲಿನ ಮೇಲೆ ಎಲೆಕೋಸು ಹೇರಿಕೊಂಡಿದ್ದ ಹೆಂಗಸೊಬ್ಬಳು ಬೆಲ್ ಹೊಡೆದು ನಮ್ಮನ್ನು ದಾಟಿ ಹೋದಳು.

"ಏನೋ ಸೀದ ವಾಸನೆ," ಎಂದಳು ಅಕ್ಕ.

"ಕ್ಲಚ್ ಪ್ಲೇಟ್ ಜಾರ್ತಿದೆ ಕಣೇ. ಇಂಜಿನ್ ತಿರುಗ್ತಿದೆ, ಬಲ ಚಕ್ರಕ್ಕೆ ಮುಟ್ತಿಲ್ಲ."

"ನಾನು ಹೇಳಿದ್ದೂ ನಿಮಗೆ ಹಾಗೇ ಮುಟ್ಟೋದು."

ಗ್ಯಾರೇಜಿನ ಮೇಸ್ತ್ರಿ ಬೆಂಚಿನ ಮೇಲೆ ಎರಡು ಹೊಸ ಪ್ಲೇಟುಗಳನ್ನು ಇಟ್ಟರು. ಒಂದರ ಸುತ್ತ ಹೂವಿನ ಎಸಳಿನಂತೆ ಬಿಡಿಬಿಡಿ ಸೆರಾಮಿಕ್ ಬಿಲ್ಲೆಗಳು. "ಇದು ರೇಸಿಂದು. ಹಿಡಿದ್ರೆ ಉಡದ ಪಟ್ಟು," ಎಂದರು. ಇನ್ನೊಂದು ಹಳೆಯದರ ಹಾಗೇ ಪೂರ್ತಿ ದುಂಡಗೆ, ನಡುವೆ ನಾಲ್ಕಾರು ಸ್ಪ್ರಿಂಗು. "ಇದಕ್ಕೆ ಅಷ್ಟು ಬಿಗಿ ಇಲ್ಲ. ಆದ್ರೆ ಇದನ್ನ ಒತ್ತಿ ಹಿಡಿಯೋ ಭಾಗ ಗಟ್ಟಿದು ಹಾಕಿದ್ರೆ ನಿಮ್ಮ ಇಂಜಿನ್ನಿಗೆ ಸಾಕು. ಪೆಡಲ್ ಸ್ವಲ್ಪ ಭಾರ ಅನ್ನಿಸುತ್ತೆ, ಅಷ್ಟೆ."

ಭಾವ ಆ ಎರಡನೆಯದರ ಕಡೆ ತಿರುಗಿಯೂ ನೋಡಲಿಲ್ಲ. ಬಿಲ್ಲೆಗಳನ್ನು ಬೆರಳಿಂದ ಸವರುತ್ತ ಹಾಲು ಕಂಡ ಬೆಕ್ಕಾಗಿದ್ದರು.

ಅಕ್ಕ ಬೇಕರಿಯಲ್ಲಿ ಕೇಕಿಗೆ ಅಲಂಕಾರ ಮಾಡುವವಳು. ದೊಡ್ಡ ಕೇಕುಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದೂ ಇದೇ ಕಾರಿನಲ್ಲಿ. "ಈ ಉಡ ಹಾಕಿದ್ರೆ ಮೂರಂತಸ್ತಿನ ಕೇಕ್ ನಿಲ್ಲುತ್ತಾ?" ಎಂದು ಕೇಳಿದಳು.

ಮೇಸ್ತ್ರಿ ತಲೆ ಕೆರೆದುಕೊಂಡರು. "ನನ್ನ ಕಾರಿಗೆ ಇದನ್ನೇ ಹಾಕಿದೀನಿ ತಾಯಿ. ಒಂದು ಸುತ್ತು ಓಡಿಸಿ ನೋಡಿ. ಕೇಕಿನ ಮಾತು ಮಾತ್ರ ನನ್ನ ಕೇಳ್ಬೇಡಿ."

ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಕಾರು ತಂದೆವು. ಹೆಸರು ತಪ್ಪಾಗಿದೆ ಎಂದು ಗಿರಾಕಿಯೊಬ್ಬರು ಹಿಂತಿರುಗಿಸಿದ್ದ ಮೂರಂತಸ್ತಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಮುಂದೆ ಕೂತಳು. ನಾನು ಹಿಂದೆ.

ಭಾವ ತಮ್ಮ ರೂಢಿಯಂತೆ, ಹಾಲಿನ ಕೆನೆ ಎತ್ತುವಷ್ಟು ನಯವಾಗಿ ಪೆಡಲ್ ಬಿಟ್ಟರು. ಆ ಕ್ಲಚ್ಚಿಗೆ ನಯವೆಂದರೆ ಏನೆಂದೇ ಗೊತ್ತಿಲ್ಲ. ಕಾರು ಕಪ್ಪೆಯಂತೆ ನೆಗೆಯಿತು; ಕೇಕಿನ ಮೇಲಂತಸ್ತು ಹಾರಿ ಬಂದು ನನ್ನ ಮಡಿಲಲ್ಲಿ ಕೂತಿತು. ಮತ್ತೆ ಹೊರಟರು, ಮತ್ತೆ ಕುಪ್ಪಳಿಸಿತು, ಚೌಕದ ನಟ್ಟನಡುವೆ ಗಕ್ಕನೆ ನಿಂತು ಇಂಜಿನ್ನು ಆರಿತು. ಉಳಿದ ಎರಡು ಅಂತಸ್ತು ಡ್ಯಾಶ್‌ಬೋರ್ಡ್ ಸೇರಿದವು.

ಟ್ರಾಫಿಕ್ ಪೊಲೀಸಿನವರೊಬ್ಬರು ಬಂದು ಕಿಟಕಿಯೊಳಗೆ ಬಗ್ಗಿದರು. ಭಾವನ ಗುರುತು ಹತ್ತಿ ಅವರ ದನಿ ಮೆತ್ತಗಾಯಿತು.

"ನೀವು ಆ ವ್ಯಾನಿನೋರಲ್ವಾ ಸಾರ್? ನಮ್ಮ ತಂದೇನ ಎಷ್ಟು ಚೆನ್ನಾಗಿ ಕರ್ಕೊಂಡು ಹೋಗಿದ್ರಿ. ಇವತ್ತೇನಾಯ್ತು?"

ಭಾವನ ಮೂಗಿನ ತುದಿಯಲ್ಲಿ ಗುಲಾಬಿ ಬಣ್ಣದ ಕ್ರೀಮು. "ಇವತ್ತು ಕೂತಿರೋರಿಗೆಲ್ಲ ಜೀವ ಇದೆ ಸಾರ್. ನಂಗೆ ಅಭ್ಯಾಸ ಇಲ್ಲ," ಎಂದರು.

ಅಕ್ಕನಿಗೆ ನಗು ಒತ್ತರಿಸಿಕೊಂಡು ಬಂತು. ನನಗೂ ಅಂಟಿತು. ಹೊಟ್ಟೆ ಹಿಡಿದುಕೊಂಡು ಇಳಿದೆವು. ಕಾರು ತಳ್ಳಲು ಮೈಯಲ್ಲಿ ಬಲವಿಲ್ಲ, ಪೊಲೀಸಿನವರೇ ಹೆಗಲು ಕೊಟ್ಟರು. ಆಮೇಲೆ ನಾಲ್ವರೂ ಬದಿಯಲ್ಲಿ ನಿಂತು ಡ್ಯಾಶ್‌ಬೋರ್ಡಿನಿಂದಲೇ ಕೇಕು ಬಳಿದು ತಿಂದೆವು. ಭಾವನ ಹಾಗೆ ಮುಖದ ತುಂಬ ಕ್ರೀಮು ಮೆತ್ತಿಕೊಂಡು ಅಷ್ಟು ಗಂಭೀರವಾಗಿ ಯೋಚಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

"ಆ ಕ್ಲಚ್ಚಿಗೆ ಹಿಡಿಯೋದು ಗೊತ್ತು, ಬಿಡೋದು ಗೊತ್ತು," ಎಂದರು ಭಾವ ಕೊನೆಗೆ. "ನನ್ನ ಕೆಲಸ ಎಲ್ಲಾ ಇರೋದು ಅವೆರಡರ ಮಧ್ಯದಲ್ಲಿ."

ದುಂಡಗಿದ್ದ ಆ ಎರಡನೆಯ ಪ್ಲೇಟೇ ಖಾತ್ರಿಯಾಯಿತು. ಜೋಡಿಸಿ ಕೊಡುವಾಗ ಮೇಸ್ತ್ರಿ ಎಚ್ಚರಿಸಿದರು: "ಕೆಲವು ವಾರ ಊರೊಳಗೇ ಓಡಿಸಿ. ಹೊಸ ಪ್ಲೇಟು ಹೊಂದ್ಕೊಳ್ಳಬೇಕು. ಅಲ್ಲೀವರೆಗೂ ಜೋರಾಗಿ ಒತ್ತೋ ಹಾಗಿಲ್ಲ."

ಭಾವ ಕಾರಿಳಿದದ್ದೇ ಕಡಿಮೆ. ಬ್ರೆಡ್ಡು ತರಲು ಕಾರು, ಬೆಣ್ಣೆ ಮರೆತು ಬಂದಿದ್ದಕ್ಕೆ ಮತ್ತೆ ಕಾರು. ಬೀದಿಯ ಅಜ್ಜಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಕಣ್ಣು ಸರಿಯಿದ್ದ ಅಜ್ಜಿಯನ್ನೂ ಬಿಡಲಿಲ್ಲ.

"ಪೊರಕೆ ತರೋಕೂ ಕಾರಾ?" ಎಂದಳು ಅಕ್ಕ.

"ಪ್ಲೇಟು ಹೊಂದ್ಕೊಳ್ಳಬೇಕಲ್ಲ."

ಅಂತೂ ಮೇಸ್ತ್ರಿ ಒಂದು ಸುತ್ತು ಓಡಿಸಿ ನೋಡಿ, ಇನ್ನು ಒತ್ತಬಹುದು ಎಂದರು. ಅದೇ ಸಂಜೆ ಮೂವರೂ ವಿಮಾನ ನಿಲ್ದಾಣದ ಗೋಡೆ ಪಕ್ಕದ ನೇರ ರಸ್ತೆಗೆ ಹೋದೆವು. ಮುಂದೆ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಭಾವ ಮೂರನೇ ಗೇರಿನಲ್ಲಿ ಒತ್ತಿದರು. ಈ ಸಲ ಬರೀ ಕೂಗಾಟವಲ್ಲ. ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದ ಹಾಗೆ ಬೆನ್ನು ಸೀಟಿಗೆ ಅಂಟಿತು. ಹೊಟ್ಟೆ ಎಲ್ಲೋ ಹಿಂದೆ ಉಳಿಯಿತು. ಗೋಡೆ, ಕಂಬ, ಕಂಬ, ಗೋಡೆ. ಮುಂದಿನ ಸೀಟಿನಿಂದ ಒಂದು ಸದ್ದು ಕೇಳಿಸಿತು, ಉಯ್ಯಾಲೆ ಮೇಲಕ್ಕೆ ಹೋದಾಗ ಎಳೆಯ ಮಕ್ಕಳು ಮಾಡುವಂಥದ್ದು. ಅದು ನಮ್ಮ ಭಾವನ ಗಂಟಲಿನಿಂದ ಬಂದದ್ದು ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ವೇಗದ ಮಿತಿ ಮುಟ್ಟಿದ್ದೇ ಕಾಲು ತೆಗೆದು, ಕಾರನ್ನು ಹಗುರವಾಗಿ ಬದಿಗೆ ತಂದು ನಿಲ್ಲಿಸಿದರು. ಕಿವಿಯವರೆಗೂ ಕೆಂಪಾಗಿದ್ದರು.

"ಇಳೀರಿ," ಎಂದಳು ಅಕ್ಕ.

"ಯಾಕೇ?"

"ಇಳೀರಿ ಅಂದೆ."

ಅವಳು ಚಪ್ಪಲಿ ಕಳಚಿ ಹಿಂದಕ್ಕೆಸೆದು, ಸೀಟು ಮುಂದೆಳೆದುಕೊಂಡು, ಆ ಭಾರದ ಪೆಡಲನ್ನು ಬರಿಗಾಲಲ್ಲಿ ಒತ್ತಿದಳು. ಆ ರಸ್ತೆಯಲ್ಲಿ ಕತ್ತಲಾಗುವವರೆಗೂ ಅತ್ತಿಂದಿತ್ತ ಓಡಾಡಿದೆವು. ಭಾವ ಕೇಳಿದಾಗಲೆಲ್ಲ, "ಇನ್ನೊಂದು ಸಲ, ಆಮೇಲೆ ಕೊಡ್ತೀನಿ," ಎನ್ನುತ್ತಿದ್ದಳು, ಕೊಡಲೇ ಇಲ್ಲ.

ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹಲ್ಲುಜ್ಜಿದವಳೇ ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ ಹೋಗಿ ನಿಂತೆ. ಇನ್ನೂ ತೆರೆದಿರಲಿಲ್ಲ.