ಹುಲಿಯ ಕಡೆ ಕೂತ ಕ್ಯಾಲ್ಕ್ಯುಲೇಟರು

ಆ ಭಾನುವಾರ ನಮ್ಮೂರ ಮನೆಯ ಜಗಲಿಯ ಮೇಲೆ ನಾಲ್ಕು ಜನ ಇದ್ದೆವು. ಕಂಬಕ್ಕೆ ಒರಗಿ ತಾತ, ಬಾಗಿಲ ಹತ್ತಿರ ಮೊರದಲ್ಲಿ ರಾಗಿ ಕೇರುತ್ತಾ ಅಜ್ಜಿ, ತಿಪಟೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಗೆಳೆಯ, ಅದೇ ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು. ಎಂಬತ್ತರ ದಶಕದ ಮಾತು. ಬೊಂಬಾಯಿಯಲ್ಲಿದ್ದ ಸೋದರಮಾವ ಕೊಟ್ಟಿದ್ದ, ಪ್ರೋಗ್ರಾಂ ಬರೆದು ತುಂಬಬಹುದಾದ ಕ್ಯಾಲ್ಕ್ಯುಲೇಟರನ್ನು ಹಂದನಕೆರೆ ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ತಂದಿದ್ದೆ.

ಜಗಲಿಯ ಚಪ್ಪಡಿಯಲ್ಲಿ ಆಡು-ಹುಲಿ ಆಟದ ಮನೆ ಕೊರೆದಿತ್ತು. ತಾತ ಮತ್ತು ಪಕ್ಕದ ತೋಟದ ಅವರ ಗೆಳೆಯ ಚಿಕ್ಕಂದಿನಿಂದ ಆಡಿ ಆಡಿ ಅದರ ಗೆರೆಗಳು ನುಣುಪಾಗಿದ್ದವು. ಆ ಗೆಳೆಯರದು ಯಾವಾಗಲೂ ಹುಲಿ, ನಮ್ಮ ತಾತನದು ಆಡು. ಮೂರು ಹುಲಿಗೆ ಕರಟದ ಚೂರು, ಆಡಿಗೆ ಹುಣಸೆ ಬೀಜ. ಹುಲಿ ಹಾರಿ ಆಡನ್ನು ತಿನ್ನಬೇಕು, ಆಡುಗಳು ಸುತ್ತುವರಿದು ಹುಲಿಯನ್ನು ಕಟ್ಟಬೇಕು. ಒಮ್ಮೆ ಬೀಜ ಇಟ್ಟ ಮೇಲೆ ಆಟ ಮುಗಿಯದೆ ಏಳಬಾರದು ಅನ್ನುವುದು ಅವರಿಬ್ಬರ ಕಟ್ಟಳೆ. ಅಡುಗೆ ಆರಿಹೋದರೂ ಸರಿ, ಏಳುತ್ತಿರಲಿಲ್ಲ.

ಹಿಂದಿನ ಬೇಸಗೆಯಲ್ಲಿ ಆ ಗೆಳೆಯ ತೀರಿಕೊಂಡರು. ಆಮೇಲೆ ತಾತ ಬೀಜದ ಡಬ್ಬಿ ಮುಟ್ಟಲಿಲ್ಲ. ಸಂಜೆ ಅದೇ ಜಾಗದಲ್ಲಿ ಬಂದು ಕೂರುವರು, ಬೀದಿ ನೋಡುವರು, ಎದ್ದು ಹೋಗುವರು. ನಾನು ಕರೆದರೆ, "ನಿನ್ ಜೊತೆ ಏನಾಡೋದ್ಲಾ, ಕೂರೋದ್ರೊಳಗೇ ಸಿಕ್ಕಾಕ್ಕಂತೀಯ" ಅನ್ನುವರು. ಹೇಗಾದರೂ ಮಾಡಿ ಅವರ ಕೈಗೆ ಮತ್ತೆ ಬೀಜ ಹಿಡಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ.

ನಾನು ಆಡಲಾಗದ ಹುಲಿಯನ್ನು ಕ್ಯಾಲ್ಕ್ಯುಲೇಟರು ಆಡಲಿ ಅಂತ ಅದಕ್ಕೆ ಪ್ರೋಗ್ರಾಂ ಬರೆದೆ. ಆಟದ ಮನೆಯ ಮೂಲೆ ಮೂಲೆಗೂ ಸೀಮೆಸುಣ್ಣದಲ್ಲಿ ನಂಬರು ಹಾಕಿದ್ದಾಯಿತು. ತಾತ ಬೀಜ ಇಟ್ಟ ನಂಬರು ನಾನು ಒತ್ತಬೇಕು, ಹುಲಿ ಎಲ್ಲಿಗೆ ಹೋಗಬೇಕೆಂದು ಅದು ತೋರಿಸುತ್ತದೆ. ಆ ಭಾನುವಾರಕ್ಕೂ ಮುಂಚೆ, ಮೊದಲ ಸಲ ತಂದಾಗ ತಾತ ಒಂದು ಬೀಜ ಇಟ್ಟರು, ಕಾದರು. ಅಡಿಕೆಲೆ ಹಾಕಿಕೊಂಡರು, ಉಗಿದರು, ಮತ್ತೆ ಕಾದರು. "ಅದು ಯೋಚ್ನೆ ಮಾಡಿ ಮುಗಿಸ್ಲಿ, ಅಷ್ಟ್ರಲ್ಲಿ ತೋಟಕ್ಕೆ ನೀರು ಬುಟ್ಟು ಬತ್ತೀನಿ" ಅಂತ ಎದ್ದೇ ಹೋದರು. ಕಟ್ಟಳೆ ಮುರಿದು ಎದ್ದರೆಂದರೆ ಅದನ್ನು ಅವರು ಆಟ ಅಂತಲೇ ಎಣಿಸಿರಲಿಲ್ಲ.

ಮಾವನಿಗೆ ಕಾಗದ ಬರೆದು ಹೆಚ್ಚಿನ ಮೆಮೊರಿಯ ಬಿಲ್ಲೆ ತರಿಸಿಕೊಂಡೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಕ್ಯಾಲ್ಕ್ಯುಲೇಟರಿನ ನೆತ್ತಿಯ ಗೂಡಿನಲ್ಲಿ ಸಿಕ್ಕಿಸಿದರೆ ಆಯಿತು. ಹುಲಿಗೆ ಈಗ ಇನ್ನೊಂದು ನಡೆ ಮುಂದಕ್ಕೆ ಕಾಣುವಂತಾಯಿತು. ವೇಗ ಮಾತ್ರ ಅಷ್ಟೇ. ನನ್ನ ಗೆಳೆಯ ತನ್ನ ಅಂಗಡಿಯಲ್ಲಿ ಅದರ ಹೊಟ್ಟೆ ಬಿಚ್ಚಿ, "ಇದರ ಎದೆಬಡಿತ ಈ ಕೆಪಾಸಿಟರ್ ಮೇಲೆ ನಿಂತೈತೆ ಕಣ್ಲಾ. ತೆಗೆದು ಚಿಕ್ಕದು ಹಾಕಿದ್ರೆ ಓಡ್ತದೆ. ಅತಿಯಾಗಿ ಓಡಿಸಿದ್ರೆ ಬಿದ್ದೂ ಬೀಳ್ತದೆ" ಅಂದ.

"ಬೀಳ್ದಂಗೆ ಓಡ್ಸು" ಅಂದೆ.

"ಹೂಂ, ಕೆಟ್ರೆ ನಿಮ್ಮಾವನಿಗೆ ನೀನೇ ಹೇಳ್ಕಾ."

ಮೊದಲು ಹಾಕಿದ ಕೆಪಾಸಿಟರಿಗೆ ಪರದೆ ಕುರುಡಾಯಿತು. ಎರಡನೆಯದು ಕಚ್ಚಿಕೊಂಡಿತು. ಹೆಚ್ಚೂಕಮ್ಮಿ ಎರಡರಷ್ಟು ವೇಗ.

ಆ ಭಾನುವಾರ ತಾತ ಬೀಜ ಇಟ್ಟರು, ಹುಲಿ ನಡೆಯಿತು. ಇನ್ನೊಂದು ಇಟ್ಟರು, ನಡೆಯಿತು. "ಪರವಾಗಿಲ್ಲ, ಚುರುಕಾಗವ್ನೆ" ಅಂದು ತಾತ ಕಾಲು ಮಡಚಿ ಸರಿಯಾಗಿ ಕೂತರು. ಒಂದು ಆಡನ್ನು ಹುಲಿ ಹಾರಿ ತಿಂದಾಗ ಅವರ ಮುಖ ನೋಡಬೇಕಿತ್ತು! ಅಜ್ಜಿ ಮೊರ ಬಿಟ್ಟು ಹತ್ತಿರ ಸರಿದರು.

ಬಿಸಿಲು ಜಗಲಿಗೆ ಬಂತು, ಕ್ಯಾಲ್ಕ್ಯುಲೇಟರು ಬಿಸಿಯಾಯಿತು. ಪರದೆಯ ಮೇಲಿನ ಅಂಕೆ ಇದ್ದಲ್ಲೇ ನಿಂತುಬಿಟ್ಟಿತು. ಗೆಳೆಯ ನೋಡುವಷ್ಟರಲ್ಲಿ ತಾತ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದರು. ನಮ್ಮ ಕಡೆಯವರ ಕೈ ಅದು. ಅಟ್ಟದ ಮೇಲೆ ವರ್ಷವೊಪ್ಪತ್ತು ಇಟ್ಟ ತೆಂಗಿನಕಾಯಿಯನ್ನು ಹೀಗೇ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಕೇಳುತ್ತೇವೆ.

"ಲೊಟಲೊಟ ಅಂತೈತೆ ಕಣ್ಲಾ, ಒಳಗೆ ಬುಟ್ಕಂಡೈತೆ."

ಬಿಟ್ಟುಕೊಂಡಿದ್ದು ಮೆಮೊರಿಯ ಬಿಲ್ಲೆ. ಗೆಳೆಯ ಒತ್ತಿ ಕೂರಿಸಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಪದ ಮೂಡಿದವು. "ನೆನಪೆಲ್ಲ ಹೋಯ್ತು ಅಂತ ಬರ್ದೈತೆ ತಾತ" ಅಂದ.

"ನಾನು ಅಲ್ಲಾಡಿಸಿದ್ದಕ್ಕಾ?" ತಾತನ ದನಿ ಇಳಿಯಿತು.

"ಕಂಡಿದ್ದನ್ನೆಲ್ಲ ಕಿವಿ ಹತ್ರ ಹಿಡಿಯೋದು ಯಾವಾಗ ಬುಡ್ತೀರೋ" ಅಂದರು ಅಜ್ಜಿ. "ಮದ್ವೆಯಾದ ಹೊಸದ್ರಲ್ಲಿ ನನ್ನ ತಲೆ ಅಲ್ಲಾಡಿಸ್ಲಿಲ್ಲ, ನನ್ ಪುಣ್ಯ."

ತಾತ ನಗಲಿಲ್ಲ. ಚಪ್ಪಡಿ ನೋಡುತ್ತಿದ್ದರು. ಕರಟದ ಚೂರು, ಹುಣಸೆ ಬೀಜ, ಎಲ್ಲ ಇದ್ದಲ್ಲೇ ಇದ್ದವು. "ಅದು ಮರ್ತ್ರೇನು, ಆಟ ಇಲ್ಲೇ ಐತಲ್ಲ. ಅರ್ಧಕ್ಕೆ ಬುಟ್ಟು ಏಳಂಗಿಲ್ಲ. ಹುಲಿ ಕಡೆ ನೀನ್ ಕೂತ್ಕಳ್ಲಾ."

ಕೂತೆ. ನನ್ನ ಪ್ರತಿ ನಡೆಗೂ ಅಜ್ಜಿ ಹಿಂದಿನಿಂದ ಲೊಚಗುಟ್ಟಿದರು. "ಆ ಕಡೆ ಯಾಕ್ ಹೋದ್ಯೋ, ಬಾಯಿಗೆ ಬಂದಿದ್ದ ಆಡು ಹೋಯ್ತಲ್ಲೋ." ಬೇಗನೇ ಮೂರೂ ಹುಲಿ ಕದಲಲಾಗದೆ ಕಟ್ಟುಬಿದ್ದವು, ತಾತ ಗೆದ್ದರು.

ಮುಂದಿನ ವಾರವೆಲ್ಲ ತಿಪಟೂರಿನ ರೂಮಿನಲ್ಲಿ ಕೂತು ಪ್ರೋಗ್ರಾಮನ್ನು ಮತ್ತೆ ಮೊದಲಿಂದ ಒತ್ತಿದೆ. ಬಿಲ್ಲೆ ಅಲುಗದಂತೆ ಗೆಳೆಯ ಟೇಪು ಸುತ್ತಿಕೊಟ್ಟ. ಭಾನುವಾರ ಬಸ್ಸಿಳಿದು ಮನೆಗೆ ಬಂದರೆ ಜಗಲಿಯ ಮೇಲೆ ತಾತ ಬೀಜ ಹಿಡಿದು ಕೂತಿದ್ದರು. ಎದುರಿಗೆ, ಹುಲಿಯ ಕಡೆ, ಅಜ್ಜಿ. ಮೊರದ ರಾಗಿಯನ್ನು ಗುಬ್ಬಿಗಳು ತಿನ್ನುತ್ತಿದ್ದವು.

ನಾನು ಚೀಲದಿಂದ ಕ್ಯಾಲ್ಕ್ಯುಲೇಟರು ತೆಗೆದೆ. ತಾತ ತಲೆಯೆತ್ತಲಿಲ್ಲ.

"ಅದನ್ನ ಒಳಗಿಡಪ್ಪ" ಅಂದರು. "ನಿಮ್ಮಜ್ಜಿ ಇನ್ನೂ ಯೋಚ್ನೆ ಮಾಡ್ತಾವ್ಳೆ."