ಕೂತು ಏಳಲಾಗದ ಹೊರೆ

ಫೋನಿನಲ್ಲಿ ಬೆರಳು ಕುಟ್ಟಿ ಬರೆಯುವುದೆಂದರೆ ನನಗೆ ಸಾಕಪ್ಪ ಸಾಕು. ಮೊಮ್ಮಗಳು ಬಿಡಲಿಲ್ಲ. ಕೊಡಚಾದ್ರಿ ಹತ್ತಲು ಅವಳು ತಂದ ಹೊಸ ಚೀಲ ಅವಳ ತಲೆಗಿಂತ ಎತ್ತರ. "ಚೀಲ ಹೆಂಗಿರ್ಬೇಕು, ನಿಮ್ ಕಾಲದ್ದು ಬರಿ, ಅಜ್ಜ" ಅಂತಾಳೆ.

ನಮಗಿದ್ದದ್ದು ಗೋಣಿಚೀಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ, ಊರು ಬಿಟ್ಟು ಗುಡ್ಡ ದಾಟಿ ಹೊರಡುವಾಗ ಅಪ್ಪ ಎಲ್ಲರ ಹೊರೆಯನ್ನೂ ನೆಲದ ಮೇಲೇ ಕಟ್ಟಿಸಿದ. ಕೂತು ಬೆನ್ನಿಗೇರಿಸಿ, ಯಾರ ಕೈಯೂ ಹಿಡಿಯದೆ ಏಳಬೇಕು. ಅಮ್ಮ ತವರಿನ ಬೀಸುವ ಕಲ್ಲು ಹಾಕಿಕೊಂಡಿದ್ದಳು. ಏಳಲಾಗಲಿಲ್ಲ.

"ಒಂಚೂರು ಕೈ ಕೊಡಿ" ಅಂದಳು.

"ಇಲ್ಲಿ ನಾನ್ ಕೊಡ್ತೀನಿ, ಗುಡ್ಡದ್ಮೇಲೆ ಯಾರ್ ಕೊಡ್ತಾರೆ ಮಾರಾಯ್ತಿ?" ಅಂದ ಅಪ್ಪ.

ಅಮ್ಮ ಕಲ್ಲು ತೆಗೆದಿಟ್ಟು ಎದ್ದಳು. ಅದೀಗ ಹಿನ್ನೀರಿನ ಅಡಿಯಲ್ಲಿದೆ.

ನನಗೀಗ ಬರಿಗೈಯಲ್ಲಿ ಏಳುವುದೇ ಕಷ್ಟ. ಮೊಮ್ಮಗಳೇ, ನೀನು ಚೀಲ ತುಂಬಿ, ಕೂತು, ಒಬ್ಬಳೇ ಎದ್ದು ನೋಡು. ಅಂಗಡಿಯವನು ಹದಿನೈದನೇ ತಾರೀಕಿನ ತನಕ ವಾಪಸ್ ತಗೊಳ್ತಾನೆ. ಏಳಕ್ಕಾಯ್ತಾ ಇಲ್ವಾ, ಹದಿನಾಲ್ಕರೊಳಗೆ ಹೇಳು.